ಪೆಟ್ಟಿಗೆ ಇದೆ, ದಾರಿ ಸಿಗುತ್ತಿಲ್ಲ!

ದಾವಣಗೆರೆಯ ಒಂದು ಮನೆ ಎಂದಿಟ್ಟುಕೊಳ್ಳಿ. ಭಾನುವಾರದ ಬೆಳಿಗ್ಗೆ. ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿರುವ ಮಗಳು ಮರುದಿನ ಪ್ರಾಜೆಕ್ಟ್ ವರದಿಯನ್ನು ಕಾಲೇಜಿಗೆ ಒಪ್ಪಿಸಬೇಕು. ನಾಲ್ಕು ತಿಂಗಳು ಬಿಸಿಲಲ್ಲಿ ತಿರುಗಿ ಬರೆದುಕೊಂಡ ಅಳತೆಗಳು, ತೆಗೆದ ಚಿತ್ರಗಳು, ಅರ್ಧ ಬರೆದ ಅಧ್ಯಾಯಗಳು ಎಲ್ಲವೂ ಇರುವುದು ಟಿ.ವಿ. ಸ್ಟ್ಯಾಂಡಿನ ಕೆಳಗೆ ಕುಳಿತಿರುವ ಒಂದು ಕಪ್ಪು ಪೆಟ್ಟಿಗೆಯಲ್ಲಿ. ಹಳೆಯ ಲ್ಯಾಪ್‌ಟಾಪ್ ಕೆಟ್ಟು ಹೊಸದು ಬಂದು ಎರಡು ದಿನವಾಗಿದೆ. ಹೊಸದರಲ್ಲಿ ಎಷ್ಟು ಸಲ ಪ್ರಯತ್ನಿಸಿದರೂ ಪೆಟ್ಟಿಗೆ ತೆರೆಯುತ್ತಿಲ್ಲ. ‘ನೆಟ್‌ವರ್ಕ್ ದಾರಿ ಸಿಗಲಿಲ್ಲ’ ಎಂಬ ಒಂದೇ ಉತ್ತರ.

“ಎಲ್ಲಾ ಅಳಿಸಿಹೋಯ್ತೇನಪ್ಪಾ?” ಮಗಳ ಗಂಟಲು ಕಟ್ಟಿದೆ.

ಸಲಹೆಗಳಿಗೆ ಬರವಿಲ್ಲ. “ಹಿಂದೆ ಸಣ್ಣ ತೂತಿನಲ್ಲಿ ರೀಸೆಟ್ ಬಟನ್ ಇರುತ್ತಲ್ಲ, ಪಿನ್ ಹಾಕಿ ಒತ್ತಿಬಿಡೇ” ಎಂದು ಅತ್ತೆಯ ಮಗ ಫೋನಿನಲ್ಲಿ ಹೇಳುತ್ತಾನೆ. “ಫೈರ್‌ವಾಲ್ ಆಫ್ ಮಾಡಿ ಅಂಕಲ್, ಸರಿಹೋಗುತ್ತೆ” ಎನ್ನುತ್ತಾನೆ ಪಕ್ಕದ ಮನೆಯ ಹುಡುಗ. ಇಂಟರ್‌ನೆಟ್ಟಿನಲ್ಲಿ ಹುಡುಕಿದರೆ, ಹಳೆಯ ‘ಎಸ್‌ಎಂಬಿ 1’ ವ್ಯವಸ್ಥೆಯನ್ನು ಮತ್ತೆ ಚಾಲೂ ಮಾಡಿ ಎಂಬ ಉಪದೇಶ. ಎಲ್ಲರೂ ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಿದ್ದಾರೆ. ಆದರೆ ರೋಗ ಯಾವುದೆಂದು ಯಾರೂ ಕೇಳಿಲ್ಲ. ಎಲ್ಲರೂ ಔಷಧಿಯನ್ನೇ ಹೇಳುತ್ತಿದ್ದಾರೆ.

ಪೆಟ್ಟಿಗೆಯೊಳಗೆ ಏನಿದೆ?

ಈ ಪೆಟ್ಟಿಗೆಗೆ ‘ನ್ಯಾಸ್’ ಎಂದು ಹೆಸರು. ‘ನೆಟ್‌ವರ್ಕ್ ಅಟ್ಯಾಚ್ಡ್ ಸ್ಟೋರೇಜ್’ ಎಂಬುದರ ಹ್ರಸ್ವರೂಪ. ಪೆನ್ ಡ್ರೈವ್ ಒಂದು ಕಂಪ್ಯೂಟರಿಗೆ ಮಾತ್ರ ಅಂಟಿಕೊಂಡರೆ, ಇದು ಇಡೀ ಮನೆಯ ಜಾಲಕ್ಕೆ ಅಂಟಿಕೊಳ್ಳುತ್ತದೆ. ಒಳಗೆ ಒಂದೋ ಎರಡೋ ಹಾರ್ಡ್ ಡಿಸ್ಕ್, ಒಂದು ಪುಟ್ಟ ಪ್ರೊಸೆಸರ್, ಸ್ವಲ್ಪ ಮೆಮೊರಿ. ಅಂದರೆ ಇದು ಪರದೆ, ಕೀಲಿಮಣೆ ಎರಡೂ ಇಲ್ಲದ ಒಂದು ಸ್ವತಂತ್ರ ಕಂಪ್ಯೂಟರೇ. ಅಪ್ಪನ ಫೋನಿನ ಫೋಟೋ, ಅಮ್ಮನ ಹಾಡುಗಳು, ಮಕ್ಕಳ ನೋಟ್ಸು ಎಲ್ಲಕ್ಕೂ ಇದೊಂದೇ ಉಗ್ರಾಣ.

ಉಗ್ರಾಣಿಕನ ಜೊತೆ ವಿಂಡೋಸ್ ಕಂಪ್ಯೂಟರ್ ಮಾತಾಡುವ ಭಾಷೆಯೇ ಎಸ್‌ಎಂಬಿ. ‘ಈ ಫೋಲ್ಡರ್ ತೋರಿಸು, ಈ ಕಡತ ಕೊಡು, ಇದನ್ನು ಇಟ್ಟುಕೋ’ ಎಂಬಂಥ ಮಾತುಗಳ ವ್ಯಾಕರಣ ಅದು. 1980ರ ದಶಕದಲ್ಲಿ ಐಬಿಎಂ ಕಂಪನಿಯಲ್ಲಿ ಹುಟ್ಟಿ, ಮೈಕ್ರೋಸಾಫ್ಟ್ ಕೈಯಲ್ಲಿ ಬೆಳೆದದ್ದು. ಮನೆಬಳಕೆಯ ಪೆಟ್ಟಿಗೆಗಳಲ್ಲಿ ಬಹುತೇಕ ಇರುವುದು ಲಿನಕ್ಸ್. ಅದಕ್ಕೆ ಈ ಭಾಷೆ ಕಲಿಸಿದ್ದು ಸಾಂಬಾ ಎಂಬ ಉಚಿತ ತಂತ್ರಾಂಶ. ಅದನ್ನು 1992ರ ಸುಮಾರಿಗೆ ಬರೆಯಲು ತೊಡಗಿದ ಆಂಡ್ರ್ಯೂ ಟ್ರಿಜೆಲ್ ಆಗ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಪಿಎಚ್‌.ಡಿ. ವಿದ್ಯಾರ್ಥಿ. ಹೆಸರು ಹುಡುಕಲು ಅವರು ಎಸ್, ಎಂ, ಬಿ ಈ ಮೂರೂ ಅಕ್ಷರಗಳು ಇದೇ ಕ್ರಮದಲ್ಲಿ ಬರುವ ಪದಗಳನ್ನು ಕಂಪ್ಯೂಟರಿನ ನಿಘಂಟಿನಲ್ಲಿ ಜಾಲಾಡಿದರು. ಸಿಕ್ಕಿದ್ದು ಬ್ರೆಜಿಲಿನ ಒಂದು ಕುಣಿತದ ಹೆಸರು, ಸಾಂಬಾ!

ಮೊದಲು, ಮಾಡಬಾರದ್ದು

ಪೆಟ್ಟಿಗೆ ಸಿಗುತ್ತಿಲ್ಲ ಎಂದ ಮಾತ್ರಕ್ಕೆ ಡಿಸ್ಕ್ ಕೆಟ್ಟಿದೆ ಎಂದಲ್ಲ. ಮನೆಯ ಬೀಗ ತೆಗೆಯಲಾಗದಿದ್ದರೆ ಒಳಗಿನ ಸಾಮಾನು ಕಳವಾಗಿದೆ ಎನ್ನುತ್ತೇವೆಯೇ? ಕಂಪ್ಯೂಟರಿನಿಂದ ಕಡತದವರೆಗೆ ಹಲವು ಬಾಗಿಲುಗಳಿವೆ. ಮುಚ್ಚಿರುವುದು ಯಾವುದು ಎಂದು ತಿಳಿಯುವ ತನಕ ರೀಸೆಟ್ ಗುಂಡಿಗೆ ಕೈ ಹಾಕಬಾರದು. ಕೆಲವು ಪೆಟ್ಟಿಗೆಗಳಲ್ಲಿ ಅದು ಪಾಸ್‌ವರ್ಡನ್ನಷ್ಟೇ ಅಳಿಸಿದರೆ, ಕೆಲವದರಲ್ಲಿ ಹೆಚ್ಚು ಹೊತ್ತು ಒತ್ತಿ ಹಿಡಿದರೆ ಎಲ್ಲ ಹೊಂದಾಣಿಕೆಗಳೂ ಹೋಗುತ್ತವೆ. ಪರದೆಯ ಮೇಲೆ ‘ಇನಿಷಿಯಲೈಸ್’ ಅಥವಾ ‘ಫಾರ್ಮ್ಯಾಟ್’ ಎಂಬ ಪದ ಕಂಡರಂತೂ ಕೈ ಹಿಂದಕ್ಕೆ ಬರಲಿ. ಡಿಸ್ಕನ್ನು ಪೂರ್ತಿ ಅಳಿಸಿ ಹೊಸದಾಗಿ ಸಿದ್ಧ ಮಾಡು ಎಂಬುದೇ ಅದರ ಅರ್ಥ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಕಥೆಯಾಗುತ್ತದೆ.

ಎರಡನೆಯ ನಿಯಮ: ಒಂದು ಸಲಕ್ಕೆ ಒಂದೇ ಬದಲಾವಣೆ. ನಾಲ್ಕನ್ನು ಒಟ್ಟಿಗೆ ಬದಲಾಯಿಸಿ ಸರಿಹೋದರೆ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ. ಹಾಳಾದರೆ ಯಾವುದರಿಂದ ಹಾಳಾಯಿತೆಂದೂ ತಿಳಿಯುವುದಿಲ್ಲ. ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಲವಣ ಪರೀಕ್ಷೆ ಮಾಡಿದ ವಿದ್ಯಾರ್ಥಿಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪಕ್ಕದಲ್ಲಿ ಒಂದು ಹಾಳೆ, ಪೆನ್ನು ಇಟ್ಟುಕೊಂಡು ಮಾಡಿದ್ದನ್ನೂ ಕಂಡದ್ದನ್ನೂ ಬರೆಯುತ್ತ ಹೋಗುವುದು ಒಳ್ಳೆಯದು.

ಮೊದಲ ಬಾಗಿಲು: ತಂತಿ ಮತ್ತು ದೀಪ

ದಾವಣಗೆರೆಯ ಮನೆಗೆ ಮರಳಿ ಬನ್ನಿ. ಅಪ್ಪ ಮೊದಲು ಪೆಟ್ಟಿಗೆಯ ಬಳಿ ಕುಳಿತು ನೋಡಿದರು. ದೀಪ ಹಸಿರು. ರೂಟರಿನಿಂದ ಬಂದ ಕೇಬಲ್ ಸಿಕ್ಕಿಸಿದ ಜಾಗದಲ್ಲೂ ಒಂದು ಚಿಕ್ಕ ದೀಪ ಮಿನುಗುತ್ತಿದೆ. ಅಂದರೆ ವಿದ್ಯುತ್ ಇದೆ, ತಂತಿ ಇದೆ. ಈ ದೀಪ ಆರಿದ್ದರೆ ಬೇರೆ ಕೇಬಲ್ ಹಾಕಿ ಅಥವಾ ರೂಟರಿನ ಬೇರೆ ತೂತಿಗೆ ಸಿಕ್ಕಿಸಿ ನೋಡಬೇಕಿತ್ತು. ಕಸ ಗುಡಿಸುವಾಗ ಸಡಿಲವಾದ ಕೇಬಲ್ಲಿಗೆ ಇಡೀ ದಿನ ವಿಂಡೋಸನ್ನು ಬೈದವರು ಬಹಳ ಮಂದಿ.

ಎರಡನೆಯ ಬಾಗಿಲು: ಇಬ್ಬರೂ ಒಂದೇ ಬೀದಿಯಲ್ಲಿದ್ದಾರೆಯೇ?

ಜಾಲದಲ್ಲಿರುವ ಪ್ರತಿ ಯಂತ್ರಕ್ಕೂ ಒಂದು ವಿಳಾಸ ಬೇಕು. ಅದೇ ಐಪಿ ವಿಳಾಸ. ಚುಕ್ಕಿಗಳ ನಡುವೆ ನಾಲ್ಕು ಸಂಖ್ಯೆ, ಒಂದೊಂದೂ 0ಯಿಂದ 255ರ ಒಳಗೆ. ಮನೆಗಳ ಜಾಲದಲ್ಲಿ ಸಾಮಾನ್ಯವಾಗಿ ಮೊದಲ ಮೂರು ಸಂಖ್ಯೆಗಳು ಬೀದಿಯ ಹೆಸರಿದ್ದಂತೆ, ಕೊನೆಯದು ಮನೆ ಸಂಖ್ಯೆ ಇದ್ದಂತೆ.

ಲ್ಯಾಪ್‌ಟಾಪಿನ ವಿಳಾಸ ತಿಳಿಯಲು ವಿಂಡೋಸಿನ ಹುಡುಕು ಪಟ್ಟಿಯಲ್ಲಿ ‘ಕಮಾಂಡ್ ಪ್ರಾಂಪ್ಟ್’ ತೆರೆದು, ಇಂಗ್ಲಿಷ್ ಅಕ್ಷರಗಳಲ್ಲಿ ‘ಐಪಿಕಾನ್‌ಫಿಗ್’ ಎಂದು ಟೈಪ್ ಮಾಡಿ ಎಂಟರ್ ಒತ್ತಬೇಕು. ಮಗಳು ಹಾಗೆಯೇ ಮಾಡಿದಳು. 192.168.29.40 ಎಂದು ಬಂತು. ಪೆಟ್ಟಿಗೆಯ ಬೆನ್ನಿಗೆ ಅಪ್ಪ ಹಿಂದೊಮ್ಮೆ ಅಂಟಿಸಿದ್ದ ಚೀಟಿಯಲ್ಲಿದ್ದದ್ದು 192.168.1.5. ಮೂರನೆಯ ಸಂಖ್ಯೆಯೇ ಬೇರೆ! ಬೀದಿಯೇ ಬೇರೆ.

ಅಪ್ಪನಿಗೆ ಆಗ ನೆನಪಾಯಿತು. ಹೋದ ತಿಂಗಳು ಫೈಬರ್ ಸಂಪರ್ಕ ಬಂದಾಗ ಹಳೆಯ ರೂಟರ್ ಹೋಗಿ ಹೊಸದು ಬಂದಿತ್ತು. ಮನೆಯ ಯಂತ್ರಗಳಿಗೆ ವಿಳಾಸ ಹಂಚುವುದು ರೂಟರಿನ ಕೆಲಸ. ಅದು ಕೊಡುವುದು ಸ್ವಂತ ಮನೆಯನ್ನಲ್ಲ, ಬಾಡಿಗೆ ಮನೆಯನ್ನು. ಇಂತಿಷ್ಟು ಗಂಟೆ ಈ ವಿಳಾಸ ನಿನ್ನದು ಎಂಬ ಕರಾರು. ಹೊಸ ಯಜಮಾನ ಬಂದಾಗ ಎಲ್ಲರಿಗೂ ಹೊಸ ವಿಳಾಸ ಸಿಕ್ಕಿದೆ. ಪೆಟ್ಟಿಗೆಯೂ ಮನೆ ಬದಲಾಯಿಸಿದೆ. ಮಗಳು ಮಾತ್ರ ಹಳೆಯ ವಿಳಾಸಕ್ಕೇ ಹೋಗಿ ಬಾಗಿಲು ತಟ್ಟುತ್ತಿದ್ದಳು.

ರಾತ್ರಿ ಕರೆಂಟ್ ಹೋಗಿ ಬಂದಾಗಲೂ ಹೀಗಾಗುವುದುಂಟು. ಇನ್ನೂ ಎರಡು ಕಾರಣಗಳನ್ನು ಇಲ್ಲಿಯೇ ನೋಡಿಕೊಳ್ಳಬೇಕು. ಲ್ಯಾಪ್‌ಟಾಪ್ ಮನೆಯ ವೈ-ಫೈ ಬಿಟ್ಟು ಯಾರದೋ ಮೊಬೈಲಿನ ಹಾಟ್‌ಸ್ಪಾಟ್ ಹಿಡಿದಿರಬಹುದು. ಅಥವಾ ರೂಟರಿನ ‘ಗೆಸ್ಟ್’ ವೈ-ಫೈಗೆ ಸೇರಿಕೊಂಡಿರಬಹುದು. ಬಂದ ನೆಂಟರಿಗೆ ಇಂಟರ್‌ನೆಟ್ ಕೊಟ್ಟು ಮನೆಯೊಳಗಿನ ಯಂತ್ರಗಳನ್ನು ಮರೆಮಾಡುವುದೇ ಅದರ ಉದ್ದೇಶ. ಎರಡರಲ್ಲೂ ಇಂಟರ್‌ನೆಟ್ ಚೆನ್ನಾಗಿ ಬರುತ್ತಿರುತ್ತದೆ, ಆದ್ದರಿಂದ ಅನುಮಾನ ಬರುವುದಿಲ್ಲ. ವಿಳಾಸ 169.254 ಎಂದು ಆರಂಭವಾಗಿದ್ದರೆ ಮಾತ್ರ ವಿಷಯ ಬೇರೆ. ರೂಟರಿನಿಂದ ವಿಳಾಸವೇ ಸಿಗದೆ ಯಂತ್ರ ತನಗೆ ತಾನೇ ಒಂದನ್ನು ಕೊಟ್ಟುಕೊಂಡಿದೆ ಎಂದರ್ಥ.

ಪೆಟ್ಟಿಗೆಯ ಹೊಸ ವಿಳಾಸ ಎಲ್ಲಿ ಸಿಗುತ್ತದೆ? ರೂಟರಿನ ಬಳಿಯೇ ಬಾಡಿಗೆದಾರರ ಪಟ್ಟಿ ಇರುತ್ತದೆ. ‘ಐಪಿಕಾನ್‌ಫಿಗ್’ ತೋರಿಸುವ ಸಾಲುಗಳಲ್ಲಿ ‘ಡೀಫಾಲ್ಟ್ ಗೇಟ್‌ವೇ’ ಎಂಬುದೇ ರೂಟರಿನ ವಿಳಾಸ. ಅದನ್ನು ಬ್ರೌಸರಿನಲ್ಲಿ ಹಾಕಿ, ರೂಟರಿನ ಪಾಸ್‌ವರ್ಡ್ ಕೊಟ್ಟು ಒಳಹೊಕ್ಕರೆ ಜೋಡಣೆಯಾಗಿರುವ ಯಂತ್ರಗಳ ಪಟ್ಟಿ ಕಾಣುತ್ತದೆ. ಪೆಟ್ಟಿಗೆ ಅಲ್ಲಿತ್ತು: 192.168.29.12.

ಮೂರನೆಯ ಬಾಗಿಲು: ಕರೆದರೆ ಓಗೊಡುತ್ತದೆಯೇ?

ಜಲಾಂತರ್ಗಾಮಿಗಳು ನೀರಿನಡಿ ಶಬ್ದ ಕಳಿಸಿ, ಅದರ ಮಾರ್ದನಿಯಿಂದ ಎದುರಿಗೇನಿದೆ ಎಂದು ತಿಳಿಯುತ್ತವೆ. ಅದೇ ಉಪಾಯದ ಮೇಲೆ 1983ರ ಡಿಸೆಂಬರಿನಲ್ಲಿ ಅಮೆರಿಕದ ಮೈಕ್ ಮ್ಯೂಸ್ ಎಂಬ ತಂತ್ರಜ್ಞ ‘ಪಿಂಗ್’ ಎಂಬ ಪುಟ್ಟ ಪ್ರೋಗ್ರಾಂ ಬರೆದರು. ಹೆಸರೂ ಆ ಶಬ್ದದಿಂದಲೇ ಬಂದದ್ದು. ಕಮಾಂಡ್ ಪ್ರಾಂಪ್ಟಿನಲ್ಲಿ ಪಿಂಗ್ ಎಂದು ಬರೆದು, ಜಾಗ ಬಿಟ್ಟು ಪೆಟ್ಟಿಗೆಯ ವಿಳಾಸ ಹಾಕಿದರೆ ವಿಂಡೋಸ್ ನಾಲ್ಕು ಸಲ ಕೂಗಿ ನೋಡುತ್ತದೆ.

ಇಲ್ಲೊಂದು ಮೋಸವಿದೆ, ಎಚ್ಚರ. ಉತ್ತರ ಬಂದಂತೆ ಕಾಣುವ ಸಾಲಿನಲ್ಲಿ ಯಾರ ವಿಳಾಸವಿದೆ ಎಂದು ನೋಡಬೇಕು. ಲ್ಯಾಪ್‌ಟಾಪಿನ ಸ್ವಂತ ವಿಳಾಸವಿದ್ದು, ಪಕ್ಕದಲ್ಲಿ ‘ಅನ್‌ರೀಚಬಲ್’ ಎಂದಿದ್ದರೆ ಅದು ಪೆಟ್ಟಿಗೆಯ ಉತ್ತರವಲ್ಲ. ‘ಹುಡುಕಿದೆ, ಸಿಗಲಿಲ್ಲ’ ಎಂದು ನಿಮ್ಮ ಯಂತ್ರವೇ ಹೇಳುತ್ತಿರುವುದು. ಇನ್ನೊಂದು ಮಾತು. ಪೆಟ್ಟಿಗೆಯಿಂದ ಉತ್ತರ ಬಂದರೆ ದಾರಿ ಇದೆ ಎಂಬುದು ಖಚಿತ. ಬರದಿದ್ದರೆ ದಾರಿ ಇಲ್ಲವೇ ಇಲ್ಲ ಎನ್ನುವಂತಿಲ್ಲ. ಪಿಂಗ್‌ಗೆ ಉತ್ತರಿಸದಂತೆ ಕೆಲವು ಯಂತ್ರಗಳಿಗೆ ಹೇಳಿಟ್ಟಿರುತ್ತಾರೆ. ತರ್ಕಶಾಸ್ತ್ರ ಓದುವವರಿಗೆ ಒಳ್ಳೆಯ ಉದಾಹರಣೆ.

ದಾವಣಗೆರೆಯ ಪೆಟ್ಟಿಗೆ ನಾಲ್ಕೂ ಸಲ ಓಗೊಟ್ಟಿತು. ಮಗಳ ಮುಖದಲ್ಲಿ ಸ್ವಲ್ಪ ಗೆಲುವು.

ಈಗ ಫೈಲ್ ಎಕ್ಸ್‌ಪ್ಲೋರರಿನ ಮೇಲ್ಪಟ್ಟಿಯಲ್ಲಿ ಎಡಕ್ಕೆ ವಾಲಿದ ಎರಡು ಗೀಟು ಹಾಕಿ ವಿಳಾಸ ಬರೆಯಬೇಕು: \\192.168.29.12 ಎಂದು. ‘ನೆಟ್‌ವರ್ಕ್’ ಪಟ್ಟಿಯಲ್ಲಿ ಪೆಟ್ಟಿಗೆಯ ಹೆಸರು ಕಾಣುವ ತನಕ ಕಾಯಬೇಕಾಗಿಲ್ಲ. ಮನೆಯ ವೈ-ಫೈಯನ್ನು ವಿಂಡೋಸ್ ‘ಪಬ್ಲಿಕ್’ ಎಂದು ಭಾವಿಸಿದ್ದರೆ, ಬಸ್ ನಿಲ್ದಾಣದಲ್ಲಿ ಇದ್ದಂತೆ ಮುಸುಕು ಹಾಕಿಕೊಂಡು ಕೂರುತ್ತದೆ. ಅಕ್ಕಪಕ್ಕದವರ ಪಟ್ಟಿ ತೋರಿಸುವುದಿಲ್ಲ. ಸ್ವಂತ ಮನೆಯ ಜಾಲವಾದರೆ ಅದನ್ನು ‘ಪ್ರೈವೇಟ್’ ಎಂದು ಬದಲಾಯಿಸಿದರೆ ಸಾಕು. ಅದಕ್ಕಾಗಿ ಇಡೀ ಫೈರ್‌ವಾಲನ್ನು ಕಿತ್ತುಹಾಕುವ ಅಗತ್ಯವಿಲ್ಲ.

ನಾಲ್ಕನೆಯ ಬಾಗಿಲು: ನೀನು ಯಾರು?

ಮಗಳು ಎಂಟರ್ ಒತ್ತಿದಳು. ಪೆಟ್ಟಿಗೆ ಈಗಲೂ ತೆರೆಯಲಿಲ್ಲ! ಆದರೆ ಸಂದೇಶ ಬೇರೆಯಾಗಿತ್ತು. ‘ನಿಮ್ಮ ಸಂಸ್ಥೆಯ ಸುರಕ್ಷತಾ ನಿಯಮಗಳು ಗುರುತು ಹೇಳದ ಅತಿಥಿಗಳ ಪ್ರವೇಶವನ್ನು ತಡೆಯುತ್ತವೆ’ ಎಂಬ ಅರ್ಥದ್ದು.

“ನಮ್ಮ ಮನೆಗೆ ಯಾವ ಸಂಸ್ಥೆಯಪ್ಪಾ?”

ನಗು ಬರುವ ಪ್ರಶ್ನೆಯೇ. ಕಚೇರಿಗಳಿಗೆಂದು ಬರೆದ ವಾಕ್ಯ ಮನೆಯಲ್ಲೂ ಹಾಗೆಯೇ ಮೂಡುತ್ತದೆ. ಆದರೆ ಇಲ್ಲಿ ಗಮನಿಸಬೇಕಾದ್ದು ಬೇರೆ. ದೂರು ಬದಲಾಗಿದೆ ಎಂದರೆ ಒಂದು ಬಾಗಿಲು ದಾಟಿ ಮುಂದಿನದಕ್ಕೆ ಬಂದಿದ್ದೇವೆ ಎಂದು. ‘ದಾರಿ ಸಿಗಲಿಲ್ಲ’ ಎನ್ನುವುದು ವಿಳಾಸದ ಮಾತು. ‘ಪ್ರವೇಶವಿಲ್ಲ’ ಎನ್ನುವುದು ಗುರುತಿನ ಮಾತು. ಒಂದರ ಹಿಂದೆ ಇನ್ನೊಂದು ತೊಂದರೆ ಅವಿತುಕೊಂಡಿರುವುದು ಅಪರೂಪವೇನಲ್ಲ. ಮೊದಲನೆಯದನ್ನು ಸರಿಪಡಿಸಿಯೂ ಕೆಲಸವಾಗಲಿಲ್ಲವೆಂದು ಹಿಂದಿರುಗುವವರೇ ಹೆಚ್ಚು.

ಆ ಪೆಟ್ಟಿಗೆ ತಂದ ದಿನ ಅಪ್ಪ ‘ಮನೆಯವರಿಗೇ ಅಲ್ಲವೇ’ ಎಂದು ಪಾಸ್‌ವರ್ಡ್ ಇಲ್ಲದೆ ಎಲ್ಲ ಫೋಲ್ಡರ್‌ಗಳನ್ನೂ ತೆರೆದಿಟ್ಟಿದ್ದರು. ಹಳೆಯ ಲ್ಯಾಪ್‌ಟಾಪ್ ಅತಿಥಿಯಾಗಿ ಒಳಹೋಗಿ ಬರುತ್ತಿತ್ತು. ಹೊಸದರಲ್ಲಿರುವುದು ವಿಂಡೋಸ್ 11 ಪ್ರೊ, 2024ರಲ್ಲಿ ಬಿಡುಗಡೆಯಾದ 24ಎಚ್2 ಆವೃತ್ತಿ. ಅದರಲ್ಲಿ ಎರಡು ಬಿಗಿ ಕ್ರಮಗಳು ತಾವಾಗಿಯೇ ಜಾರಿಯಲ್ಲಿವೆ. ಒಂದು, ಅತಿಥಿಯಾಗಿ ಹೋಗಲು ಅದು ಒಪ್ಪುವುದಿಲ್ಲ. ಎರಡು, ಪ್ರತಿ ಸಂದೇಶಕ್ಕೂ ಸಹಿ ಇರಬೇಕು ಎನ್ನುತ್ತದೆ. ಹಿಂದೆ ಲಕೋಟೆಗೆ ಅರಗಿನ ಮುದ್ರೆ ಒತ್ತುತ್ತಿದ್ದರಲ್ಲ, ಹಾಗೆ. ನಡುದಾರಿಯಲ್ಲಿ ಯಾರೂ ಪತ್ರ ಬದಲಾಯಿಸಿಲ್ಲ ಎಂಬುದಕ್ಕೆ ಖಾತ್ರಿ. ಆ ಮುದ್ರೆ ಹುಟ್ಟುವುದು ಪಾಸ್‌ವರ್ಡಿನಿಂದ. ಪಾಸ್‌ವರ್ಡೇ ಇಲ್ಲದ ಅತಿಥಿಯ ಬಳಿ ಮುದ್ರೆ ಎಲ್ಲಿಂದ ಬರಬೇಕು? ಒಂದೇ ಮನೆಯ ಎರಡು ಕಂಪ್ಯೂಟರುಗಳು ಒಂದೇ ಪೆಟ್ಟಿಗೆಯ ಮುಂದೆ ಬೇರೆ ಬೇರೆಯಾಗಿ ವರ್ತಿಸುವುದು ಇದರಿಂದಲೇ.

ಬೀಗ ಹಾಕಿದ್ದೇಕೆ?

‘ಹಳೆಯ ಎಸ್‌ಎಂಬಿ 1 ಚಾಲೂ ಮಾಡಿ’ ಎಂಬ ಉಪದೇಶವನ್ನು ಈಗ ತೂಗಿ ನೋಡಬಹುದು. 2017ರ ಮೇ 12ರಂದು ‘ವಾನಾಕ್ರೈ’ ಎಂಬ ಹುಳು ಜಗತ್ತಿನ ಕಂಪ್ಯೂಟರುಗಳಿಗೆ ಹಬ್ಬಿತು. ಕಡತಗಳನ್ನೆಲ್ಲ ಗೂಢಲಿಪಿಗೆ ತಿರುಗಿಸಿ, ಬಿಡಿಸಿಕೊಳ್ಳಲು ಹಣ ಕೇಳಿತು. 150 ದೇಶಗಳಲ್ಲಿ 2 ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳು ಸಿಕ್ಕಿಬಿದ್ದವು. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯ 236 ಟ್ರಸ್ಟ್‌ಗಳಲ್ಲಿ ಕನಿಷ್ಠ 81ಕ್ಕೆ ತೊಂದರೆಯಾಗಿ, ಶಸ್ತ್ರಚಿಕಿತ್ಸೆಗಳೂ ಮುಂದೆ ಹೋದವು. ಆ ಹುಳು ಒಂದು ಯಂತ್ರದಿಂದ ಇನ್ನೊಂದಕ್ಕೆ ಹರಿದದ್ದು ಇದೇ ಎಸ್‌ಎಂಬಿ 1ರ ಬಿರುಕಿನಿಂದ. ಬಿರುಕು ಮುಚ್ಚುವ ತೇಪೆಯನ್ನು ಮೈಕ್ರೋಸಾಫ್ಟ್ ಎರಡು ತಿಂಗಳ ಮೊದಲೇ, ಮಾರ್ಚ್ 14ರಂದು ಕೊಟ್ಟಿತ್ತು. ಹಾಕಿಕೊಳ್ಳದವರು ನಷ್ಟಕ್ಕೆ ಗುರಿಯಾದರು. ಅದೇ ವರ್ಷದ ಕೊನೆಗೆ ಬಂದ ವಿಂಡೋಸ್ 10ರ ಆವೃತ್ತಿಯಿಂದ ಎಸ್‌ಎಂಬಿ 1 ತಾನಾಗಿ ಬರುವುದು ನಿಂತಿತು.

ಅಂದರೆ, ಮಗಳ ಲ್ಯಾಪ್‌ಟಾಪಿನಲ್ಲಿ ಏನೂ ಕೆಟ್ಟಿಲ್ಲ. ಅದು ಕಾವಲುಗಾರನ ಕೆಲಸ ಮಾಡುತ್ತಿದೆ. ಕಾವಲುಗಾರ ಗುರುತಿನ ಚೀಟಿ ಕೇಳಿದರೆ ಅವನನ್ನು ಕೆಲಸದಿಂದ ತೆಗೆಯುವುದು ಪರಿಹಾರವಲ್ಲ, ಚೀಟಿ ಮಾಡಿಸಿಕೊಳ್ಳುವುದು ಪರಿಹಾರ. ಅದು ಹತ್ತು ನಿಮಿಷದ ಕೆಲಸ. ಬ್ರೌಸರಿನಲ್ಲಿ ಪೆಟ್ಟಿಗೆಯ ಆಡಳಿತ ಪುಟ ತೆರೆದು, ಮನೆಯ ಪ್ರತಿಯೊಬ್ಬರಿಗೂ ಒಂದೊಂದು ಬಳಕೆದಾರ ಹೆಸರು, ಪಾಸ್‌ವರ್ಡ್ ಮಾಡಬೇಕು. ಯಾವ ಫೋಲ್ಡರ್ ಯಾರಿಗೆ ಎಂದು ಗುರುತು ಹಾಕಬೇಕು. ಅತಿಥಿ ಪ್ರವೇಶವನ್ನು ಮುಚ್ಚಬೇಕು. ಪೆಟ್ಟಿಗೆಯ ತಂತ್ರಾಂಶಕ್ಕೆ ಹೊಸ ಆವೃತ್ತಿ ಇದ್ದರೆ ಹಾಕಬೇಕು. ಆದರೆ ಒಳಗಿನ ಮುಖ್ಯ ಕಡತಗಳ ನಕಲು ಹೊರಗೆ ಬಂದ ಮೇಲೆ. ಎಸ್‌ಎಂಬಿ 2 ಅಥವಾ 3ನ್ನು ಆರಿಸಿಕೊಳ್ಳುವ ಅವಕಾಶವಿದ್ದರೆ ಆರಿಸಬೇಕು.

ಆಡಳಿತ ಪುಟದ ಪಾಸ್‌ವರ್ಡ್? ಅಪ್ಪ ಅಲಮಾರಿನಿಂದ ಹಳೆಯ ಡೈರಿ ತೆಗೆದು, ಕೊನೆಯ ಪುಟದಲ್ಲಿ ಹಾಲಿನ ಲೆಕ್ಕದ ಕೆಳಗೆ ಬರೆದಿದ್ದನ್ನು ಓದಿ ಹೇಳಿದರು. ಮಗಳ ಹೆಸರಿನಲ್ಲಿ ಖಾತೆ ಆಯಿತು.

ಇಲ್ಲೂ ಜಾರುವ ಒಂದೆರಡು ಜಾಗಗಳಿವೆ. ಲ್ಯಾಪ್‌ಟಾಪ್ ತೆರೆಯಲು ಒತ್ತುವ ನಾಲ್ಕಂಕಿಯ ಪಿನ್ ಇಲ್ಲಿ ನಡೆಯುವುದಿಲ್ಲ. ಕೇಳುತ್ತಿರುವುದು ಪೆಟ್ಟಿಗೆ, ಕೊಡಬೇಕಾದ್ದು ಪೆಟ್ಟಿಗೆಯಲ್ಲಿ ಮಾಡಿದ ಪಾಸ್‌ವರ್ಡ್. ಹಿಂದೆ ಎಂದೋ ತಪ್ಪು ಪಾಸ್‌ವರ್ಡ್ ಕೊಟ್ಟು ‘ನೆನಪಿಟ್ಟುಕೋ’ ಎಂದಿದ್ದರೆ ವಿಂಡೋಸ್ ಸದ್ದಿಲ್ಲದೆ ಅದನ್ನೇ ಒಪ್ಪಿಸುತ್ತಿರುತ್ತದೆ. ಕಂಟ್ರೋಲ್ ಪ್ಯಾನಲ್ಲಿನ ‘ಕ್ರೆಡೆನ್ಶಿಯಲ್ ಮ್ಯಾನೇಜರ್’ ತೆರೆದು ಪೆಟ್ಟಿಗೆಯ ಹಳೆಯ ನಮೂದನ್ನು ಅಳಿಸಿ, ಕಂಪ್ಯೂಟರನ್ನು ಒಮ್ಮೆ ರೀಸ್ಟಾರ್ಟ್ ಮಾಡಿದರೆ ಅದು ಹೊಸದಾಗಿ ಕೇಳುತ್ತದೆ.

ಮಗಳು ಹೆಸರು, ಪಾಸ್‌ವರ್ಡ್ ಕೊಟ್ಟಳು. ಫೋಲ್ಡರ್‌ಗಳು ಸಾಲಾಗಿ ಮೂಡಿದವು. ನಾಲ್ಕು ತಿಂಗಳ ಕೆಲಸ ಇಟ್ಟಲ್ಲೇ ಇತ್ತು. ರೀಸೆಟ್ ಗುಂಡಿ ಒತ್ತಿದ್ದರೆ?

ತೆರೆದ ಮೇಲೆ ಮಾಡಬೇಕಾದ್ದು

ಪೆಟ್ಟಿಗೆ ತೆರೆಯಿತೆಂದು ಎದ್ದುಹೋಗುವ ಹಾಗಿಲ್ಲ. ಭಾನುವಾರದ ಹೆದರಿಕೆಗೆ ನಿಜವಾದ ಕಾರಣ ಕೆಟ್ಟ ಸಂಪರ್ಕವಲ್ಲ. ವರದಿಯ ಪ್ರತಿ ಒಂದೇ ಕಡೆ ಇದ್ದದ್ದು. ಪೆಟ್ಟಿಗೆಯಲ್ಲಿ ಎರಡು ಡಿಸ್ಕ್ ಇದ್ದು ಒಂದರದ್ದೇ ಪಡಿಯಚ್ಚು ಇನ್ನೊಂದರಲ್ಲಿದ್ದರೂ ಅದನ್ನು ಎರಡನೆಯ ಪ್ರತಿ ಎನ್ನಲಾಗದು. ಒಂದರಲ್ಲಿ ಅಳಿಸಿದ್ದು ಆ ಕ್ಷಣವೇ ಇನ್ನೊಂದರಲ್ಲೂ ಅಳಿಯುತ್ತದೆ. ಬಲ್ಲವರು ಹೇಳುವ ಲೆಕ್ಕ 3-2-1: ಮೂರು ಪ್ರತಿ, ಎರಡು ಬಗೆಯ ಸಾಧನ, ಅದರಲ್ಲಿ ಒಂದು ಮನೆಯ ಹೊರಗೆ. ವಿದ್ಯಾರ್ಥಿಯ ಮಟ್ಟಿಗೆ ಲ್ಯಾಪ್‌ಟಾಪಿನಲ್ಲಿ ಒಂದು, ಪೆಟ್ಟಿಗೆಯಲ್ಲಿ ಒಂದು, ಅಜ್ಜಿಯ ಮನೆಯಲ್ಲಿಟ್ಟ ಡಿಸ್ಕಿನಲ್ಲೋ ಇಂಟರ್‌ನೆಟ್ ಸಂಗ್ರಹದಲ್ಲೋ ಇನ್ನೊಂದು.

ವಿಳಾಸ ಮತ್ತೆ ಓಡಿಹೋಗದಂತೆ ಕಟ್ಟಿಹಾಕಲೂ ಬಹುದು. ರೂಟರಿನ ಪುಟದಲ್ಲಿ ‘ಅಡ್ರೆಸ್ ರಿಸರ್ವೇಶನ್’ ಎಂಬ ಸೌಲಭ್ಯವಿದ್ದರೆ, ಇಂಥ ಯಂತ್ರಕ್ಕೆ ಇದೇ ವಿಳಾಸ ಎಂದು ಕಾಯ್ದಿರಿಸಬಹುದು. ಹೊರಗಿನಿಂದಲೂ ಪೆಟ್ಟಿಗೆ ತೆರೆಯಬೇಕೆಂಬ ಆಸೆಯಿಂದ ರೂಟರಿನಲ್ಲಿ ಎಸ್‌ಎಂಬಿಯ 445ನೇ ಬಾಗಿಲನ್ನು ಇಂಟರ್‌ನೆಟ್ಟಿಗೆ ತೆರೆದಿಡುವುದು ಮಾತ್ರ ಕೂಡದು. 2021ರ ಜೂನ್‌ನಲ್ಲಿ ವೆಸ್ಟರ್ನ್ ಡಿಜಿಟಲ್ ಕಂಪನಿಯ ‘ಮೈ ಬುಕ್ ಲೈವ್’ ಎಂಬ ಹಳೆಯ ಪೆಟ್ಟಿಗೆಗಳಿಗೆ ದುಷ್ಕರ್ಮಿಗಳು ಇಂಟರ್‌ನೆಟ್ ಮೂಲಕ ನುಗ್ಗಿ ಒಳಗಿದ್ದುದನ್ನೆಲ್ಲ ಅಳಿಸಿಹಾಕಿದರು. ಆ ಪೆಟ್ಟಿಗೆಗಳಿಗೆ ತಂತ್ರಾಂಶದ ತೇಪೆಗಳು ಬರುವುದು 2015ರಲ್ಲೇ ನಿಂತಿತ್ತು. ತೇಪೆ ನಿಂತ ಪೆಟ್ಟಿಗೆ ಎಷ್ಟು ಗಟ್ಟಿಯಾಗಿ ಕಂಡರೂ ಮುಪ್ಪಾದದ್ದೇ. ಒಳಗಿನದನ್ನು ಹೊರತೆಗೆದು ಅದಕ್ಕೆ ವಿಶ್ರಾಂತಿ ಕೊಡುವುದು ಲೇಸು.

ಮಧ್ಯಾಹ್ನದ ಊಟದ ಹೊತ್ತಿಗೆ ವರದಿಯ ಒಂದು ಪ್ರತಿ ಲ್ಯಾಪ್‌ಟಾಪಿಗೆ, ಒಂದು ಪೆನ್ ಡ್ರೈವಿಗೆ ಬಂದಿತ್ತು. ಮಗಳು ಪೆಟ್ಟಿಗೆಯ ಬೆನ್ನಿನ ಹಳೆಯ ಚೀಟಿ ಕಿತ್ತು, ಹೊಸ ವಿಳಾಸ ಬರೆದು, ಕೆಳಗೆ ತಾರೀಖನ್ನೂ ಹಾಕಿ ಅಂಟಿಸಿದಳು. ಅಪ್ಪ ಡೈರಿಯ ಪುಟವನ್ನು ಹೊಸ ಡೈರಿಗೆ ನಕಲು ಮಾಡಿಕೊಂಡರು.

ನಿಮ್ಮ ಮನೆಯಲ್ಲೂ ಅಂಥ ಪೆಟ್ಟಿಗೆ ಇದ್ದರೆ ಈ ಭಾನುವಾರ ಅಪ್ಪ, ಅಮ್ಮ, ಮಕ್ಕಳು ಒಟ್ಟಿಗೆ ಕುಳಿತು ಮೂರು ಪ್ರಶ್ನೆ ಕೇಳಿಕೊಳ್ಳಿ. ಅದರ ಈಗಿನ ವಿಳಾಸ ಯಾವುದು? ಆಡಳಿತ ಪಾಸ್‌ವರ್ಡ್ ಎಲ್ಲಿ ಬರೆದಿದೆ? ಅದರೊಳಗಿನ ಮುಖ್ಯ ಕಡತಗಳ ಇನ್ನೊಂದು ಪ್ರತಿ ಎಲ್ಲಿದೆ? ಮೂರಕ್ಕೂ ಉತ್ತರ ಗೊತ್ತಿದ್ದರೆ, ಮರುದಿನ ವರದಿ ಒಪ್ಪಿಸಬೇಕಾದಾಗ ಪೆಟ್ಟಿಗೆ ಮುನಿಸಿಕೊಂಡರೂ ನಿದ್ದೆ ಕೆಡುವುದಿಲ್ಲ.